ಓದುಗರ ಪ್ರಶ್ನೆ: ಬಿಟಿ ಹತ್ತಿ ಕಾಯೊಳಗೆ ಗುಲಾಬಿ ಹುಳು ಹೇಗೆ ಬಂತು?

ಪ್ರಶ್ನೆ (ಮುಂಡಗೋಡ): ಬೋಲ್‌ಗಾರ್ಡ್-2 ಬೀಜವನ್ನೇ ಬಿತ್ತಿದ್ದೇವೆ. ಗಿಡ ಸೊಂಪಾಗಿದೆ, ಕಾಯಿ ಮೇಲ್ನೋಟಕ್ಕೆ ಚೆನ್ನಾಗಿದೆ. ಒಡೆದು ನೋಡಿದರೆ ಒಳಗೆ ಗುಲಾಬಿ ಹುಳು. ಬೀಜ ನಕಲಿಯೇ? ಏನು ಹೊಡೆಯಬೇಕು?

ಉತ್ತರ: ಬೀಜ ಅಸಲಿಯಾಗಿದ್ದರೂ ಹೀಗಾಗುತ್ತದೆ. ಬಿಟಿ ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಹುಳು ಕೊಲ್ಲುವ ಅದರ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ್ದು ಬಿಟಿ ಹತ್ತಿ. 2002ರಲ್ಲಿ ಬಂದ ಮೊದಲ ಬಿಟಿ ಹತ್ತಿಯಲ್ಲಿದ್ದದ್ದು ಕ್ರೈ1ಎಸಿ ಎಂಬ ಒಂದೇ ವಿಷ. 2006ರ ಬೋಲ್‌ಗಾರ್ಡ್-2ಕ್ಕೆ ಕ್ರೈ2ಎಬಿ ಸೇರಿತು. ಗುಲಾಬಿ ಕಾಯಿಕೊರಕ ಈಗ ಎರಡನ್ನೂ ಅರಗಿಸಿಕೊಂಡಿದೆ. ಹಸಿರು ಕಾಯಿಕೊರಕಕ್ಕಾದರೆ ತೊಗರಿ, ಕಡಲೆ, ಟೊಮೆಟೊ ಯಾವುದಾದರೂ ಆದೀತು. ಅಲ್ಲಿ ಬೆಳೆದ ಪತಂಗಗಳು ಬಂದು ಬೆರೆಯುವುದರಿಂದ ನಿರೋಧಕ ಗುಣ ಬಲಿಯುವುದು ನಿಧಾನ. ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಹೆಚ್ಚುಕಡಿಮೆ ಬೇರೆ ಊಟವಿಲ್ಲ. ಹೊಲದ ಸುತ್ತ ಐದು ಸಾಲು ಹಾಕಲೆಂದು 450 ಗ್ರಾಂ ಬಿಟಿ ಬೀಜದ ಜತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದದ್ದು, ಆ ಸಾದಾ ಗಿಡಗಳಲ್ಲಿ ಬೆಳೆದ ಪತಂಗ ಬಂದು ಬೆರೆಯಲೆಂದೇ. ಎಷ್ಟೋ ಕಡೆ ಆ ಪೊಟ್ಟಣ ಮಣ್ಣು ಕಾಣಲೇ ಇಲ್ಲ.

ಇನ್ನೊಂದು ಕಾರಣ ಕಾಯಿಯೊಳಗೇ ಇದೆ. ನಮ್ಮಲ್ಲಿ ಬಿತ್ತುವುದು ಹೈಬ್ರಿಡ್. ಅದರ ಕಾಯಿಯಲ್ಲಿ ಕಟ್ಟುವ ಬೀಜಗಳಲ್ಲಿ ಸುಮಾರು ಹದಿನಾರಕ್ಕೊಂದರಲ್ಲಿ ಎರಡೂ ವಿಷ ಇರುವುದಿಲ್ಲ, ಕೆಲವದರಲ್ಲಿ ಒಂದೇ ಇರುತ್ತದೆ. ಹುಳುವಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಬೇಕೇ?

ಕಾಯಿ ಹೊಕ್ಕ ಹುಳುವಿಗೆ ಏನು ಹೊಡೆದರೂ ತಾಗದು. ಮೊಟ್ಟೆಯೊಡೆದ ಮರಿ ಬೇಗನೆ ಒಳಗೆ ನುಗ್ಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ. ಹಿಡಿಯಬೇಕಾದದ್ದು ಅದಕ್ಕೂ ಮೊದಲು. ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ), ಗಿಡದ ತುದಿಗಿಂತ ಒಂದಡಿ ಮೇಲೆ ಕಟ್ಟಿ. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಸತತ ಪತಂಗ ಬಿದ್ದರೆ ಸಿಂಪರಣೆಯ ಸಮಯ. ದಳಗಳು ಅರಳದೆ ಗುಲಾಬಿ ಮೊಗ್ಗಿನಂತೆ ಒಂದಕ್ಕೊಂದು ಅಂಟಿದ ಹೂ ಕಂಡರೆ ಕಿತ್ತು ಹೊಸಕಿ, ಒಳಗೆ ಹುಳು ನೂಲು ಸುತ್ತಿ ಕೂತಿರುತ್ತದೆ. ಕಾಯಿ ಕಟ್ಟಿದ ಮೇಲೆ ಎಕರೆಯಲ್ಲಿ ಅಲ್ಲಲ್ಲಿ ಇಪ್ಪತ್ತು ಎಳೆ ಹಸಿರು ಕಾಯಿ ಒಡೆಯಿರಿ. ಎರಡರಲ್ಲಿ ಹುಳುವಿದ್ದರೆ ತಡಮಾಡಬೇಡಿ. ಆರಂಭದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ, ಆಮೇಲೆ ಲೀಟರಿಗೆ 2 ಮಿ.ಲೀ. ಪ್ರೊಫೆನೊಫಾಸ್ 50 ಇಸಿ ಕೀಟನಾಶಕ. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಶುರುವಿಗೇ ಹೊಡೆದರೆ ಬಿಳಿ ನೊಣ ಮೇಲೇಳುತ್ತದೆ.

ಇನ್ನೊಂದು ಬಿಡಿಸುವಿಕೆಯ ಆಸೆಗೆ ನೀರು ಕೊಟ್ಟು ಬೆಳೆಯನ್ನು ಫೆಬ್ರುವರಿವರೆಗೆ ಎಳೆಯುವುದೇ ದೊಡ್ಡ ತಪ್ಪು. ಡಿಸೆಂಬರ್ ಕೊನೆಗೆ ಮುಗಿಸಿ, ಕುರಿ ಬಿಟ್ಟು ಉಳಿದ ಕಾಯಿ ಮೇಯಿಸಿ. ಕಟ್ಟಿಗೆಯನ್ನು ಬದುವಿಗೆ ಒಟ್ಟಬೇಡಿ. ಅಂಟಿಕೊಂಡ ಜೋಡಿ ಬೀಜದೊಳಗೆ ಹುಳು ತಿಂಗಳುಗಟ್ಟಲೆ ಮಲಗಿದ್ದು ಮುಂದಿನ ಬಿತ್ತನೆಗೆ ಎದ್ದುಬರುತ್ತದೆ.

ಪ್ರಶ್ನೆ (ಶಿರಸಿ): ಹತ್ತಿ ಹೂಬಿಟ್ಟಾಗ ತುಡುವೆ ಜೇನಿನ ಪೆಟ್ಟಿಗೆಗಳನ್ನು ಆ ಕಡೆ ಒಯ್ಯಬೇಕೆಂದಿದ್ದೇನೆ. ಬಿಟಿ ವಿಷ ಜೇನಿಗೂ ತಟ್ಟುತ್ತದೆಯೇ?

ಉತ್ತರ: ತಟ್ಟುವುದಿಲ್ಲ. ಆ ಪ್ರೋಟೀನು ಕೆಲಸ ಮಾಡುವುದು ಪತಂಗದ ಮರಿಹುಳುವಿನ ಕ್ಷಾರಗುಣದ ಕರುಳಿನಲ್ಲಿ, ಅಲ್ಲಿನ ಗೋಡೆಗೆ ಅಂಟಿ ತೂತು ಮಾಡಿದಾಗ. ಜೇನು, ಗುಲಗಂಜಿ ಹುಳು, ಜೇಡಗಳಿಗೆ ನೇರ ತೊಂದರೆಯಿಲ್ಲ. ಕಾಯಿಕೊರಕದ ಮೈಯಲ್ಲೇ ಬೆಳೆಯುವ ಪರಾವಲಂಬಿ ಕಣಜಗಳು ಮಾತ್ರ ಹುಳು ಕಡಿಮೆಯಾದಂತೆ ತಾವೂ ಕಡಿಮೆಯಾಗುತ್ತವೆ.

ಜೇನನ್ನು ಕೊಲ್ಲುವುದು ಸಿಂಪರಣೆ. ಜಿಗಿಹುಳು, ನುಸಿ, ಸಸ್ಯಹೇನು, ಮಿರಿಡ್ ತಿಗಣೆ ಮುಂತಾದ ರಸ ಹೀರುವವಕ್ಕೆ ಬಿಟಿ ಏನೂ ಮಾಡದು. ಕಾಯಿಕೊರಕಕ್ಕೆ ಹೊಡೆಯುವುದು ಕಡಿಮೆಯಾದ ಮೇಲೆ ಹಾವೇರಿ–ಧಾರವಾಡದ ಕಡೆ ಮಿರಿಡ್ ಹೆಚ್ಚಿದ್ದೂ ಉಂಟು. ಹಾಗಾಗಿ ಪೆಟ್ಟಿಗೆ ಇಡುವ ಮೊದಲೇ ಹೊಲದವರೊಂದಿಗೆ ಸಿಂಪರಣೆಯ ದಿನ ಮಾತಾಡಿಕೊಳ್ಳಿ. ಬೆಳಿಗ್ಗೆ ಬೆಳ್ಳಗೆ ಅರಳಿದ ಹತ್ತಿ ಹೂ ಮರುದಿನಕ್ಕೆ ಕೆಂಪಾಗಿ ಮುದುಡಿರುತ್ತದೆ. ಹೊತ್ತು ಮುಳುಗಿದ ಮೇಲೆ ಹೊಡೆದರೆ ಅಷ್ಟರಮಟ್ಟಿಗೆ ಜೇನು ಉಳಿದೀತು. ಆದರೆ ಎಲೆಯ ಕೆಳಗಿನ ನಡುನರದಲ್ಲೂ ಮಕರಂದ ಒಸರುತ್ತದೆ, ಆದ್ದರಿಂದ ಹಿಂದಿನ ರಾತ್ರಿಯೇ ಪೆಟ್ಟಿಗೆ ದೂರ ಸಾಗಿಸುವುದು ಮೇಲು.

ಪ್ರಶ್ನೆ (ಕುಮಟಾ): ಬೆಂಡೆಯ ಕಾಯಿಕೊರಕಕ್ಕೆ ಬಿಟಿ ಪುಡಿ ಹೊಡೆದೆ, ಫಲವಿಲ್ಲ. ಪಂಪು ಅಡಿಕೆಗೆ ಬಳಸುವುದೇ.

ಉತ್ತರ: ಪಂಪಿನಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿತ್ತೇ? ಸುಣ್ಣದ ಕ್ಷಾರ ಬಿಟಿ ಬ್ಯಾಕ್ಟೀರಿಯಾದಿಂದ ಮಾಡಿದ ಈ ಪುಡಿಯನ್ನು ಕೆಡಿಸುತ್ತದೆ. ಬಿಸಿಲೂ ಹಾಗೆಯೇ. ಪಂಪು ಚೆನ್ನಾಗಿ ತೊಳೆದು, ಲೀಟರಿಗೆ 1–2 ಗ್ರಾಂ ಕಲಸಿ, ಸಂಜೆ ಮೊಗ್ಗು, ಕುಡಿಗೆ ತಾಗುವಂತೆ ಹೊಡೆಯಿರಿ. ವಾರ ಬಿಟ್ಟು ಇನ್ನೊಮ್ಮೆ. ಕಾಯಿ ಹೊಕ್ಕ ಹುಳು ಸಾಯದು, ಆ ಕಾಯಿ ಕಿತ್ತು ಹಾಕಿ. ಕೆಂಪು ತಿಗಣೆಗೂ ಇದು ನಾಟದು, ಬೆಳಿಗ್ಗೆ ಸೋಪು ನೀರಿನ ಬಕೆಟ್ಟಿಗೆ ಕೊಡವಿ.