ತಾರಸಿ ಮೇಲಿನ ಮೊಲಕ್ಕೆ ಫ್ಯಾನಾ, ಕೂಲರಾ? ಮೊದಲು ಕೆಳಗೆ ತನ್ನಿ

ತಾರಸಿಯಲ್ಲಿ ತಗಡಿನ ಶೀಟು, ಅದರ ಕೆಳಗೆ ಗೂಡು, ಎರಡು ಮೊಲ. ಬೇಸಿಗೆಗೆ ಟೇಬಲ್ ಫ್ಯಾನ್ ಸಾಕಾ, ಕೂಲರ್ ತರಬೇಕಾ ಅಂತ ಕೇಳಿದ್ದೀರಿ. ನೀವು ದಾವಣಗೆರೆ, ನಾನು ಚಿತ್ರದುರ್ಗ. ಉಳಿದದ್ದೆಲ್ಲ ಅದೇ, ಶೀಟು ಸಮೇತ.

ನಮ್ಮದೂ ಜೋಡಿ ಇತ್ತು, ಬಿಳಿಯವು. ಏಪ್ರಿಲ್‌ನಲ್ಲಿ ಫ್ಯಾನ್ ಇಟ್ಟೆ. ಗೂಡಿನ ಪಕ್ಕ ನಿಂತು ನೋಡಿದೆ, ತಣ್ಣಗಿದೆ ಅನ್ನಿಸಿತು. ಎಡವಟ್ಟಾಗಿದ್ದು ಅಲ್ಲೇ. ತಣ್ಣಗೆ ಅನ್ನಿಸಿದ್ದು ನನಗೆ, ಯಾಕೆಂದರೆ ಮೆಟ್ಟಿಲು ಹತ್ತಿ ಬೆವರಿದ್ದವನು ನಾನು. ಬೆವರು ಆರುವಾಗ ಮೈ ತಂಪಾಗುತ್ತದೆ, ಫ್ಯಾನ್ ಮಾಡುವುದು ಅಷ್ಟೇ. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ನಾಯಿಯ ಹಾಗೆ ತೇಕಿ ತಂಪು ಮಾಡಿಕೊಳ್ಳಲೂ ಅದಕ್ಕೆ ಸರಿಯಾಗಿ ಬರಲ್ಲ. ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕುತ್ತದೆ, ಅದೂ ಸುತ್ತಲಿನ ಗಾಳಿ ತಂಪಾಗಿದ್ದರೆ. ಕಾದ ಶೀಟಿನ ಕೆಳಗೆ ತಂಪು ಎಲ್ಲಿಂದ ಬರಬೇಕು? ನಾನು ಬಿಸಿಗಾಳಿಯನ್ನೇ ತುಪ್ಪಳದ ಮೇಲೆ ಊದಿಸಿ, ಇನ್ನೇನು ಚಿಂತೆಯಿಲ್ಲ ಅಂತ ಅಂಗಡಿಗೆ ಹೋಗುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಹೆಣ್ಣು ಮೊಲ ಕಾಲು ಚಾಚಿ ಬಿದ್ದಿತ್ತು. ಬಾಯಿ ಸುತ್ತ ಜೊಲ್ಲು, ಕಿವಿ ಕೆಂಪಗಾಗಿ ಸುಡುತ್ತಿತ್ತು. ಉಳಿಯಲಿಲ್ಲ. ಕರೆಂಟು ಹೋಗಿತ್ತಾ ಅಂತ ಅಮ್ಮನನ್ನು ಕೇಳಿದೆ. ಇಲ್ಲ, ಫ್ಯಾನ್ ತಿರುಗುತ್ತಲೇ ಇತ್ತು.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಾಲ್ಕೂ ಕಡೆ ತೆರೆದ ತಾರಸಿಯಲ್ಲಿ ಕೂಲರ್ ಹಾಕಿದರೆ ಊರಿಗೆಲ್ಲ ಗಾಳಿ ಹಾಕಿದಂತೆ, ದುಡ್ಡು ದಂಡ. ಗೂಡು ಕೆಳಗೆ ತನ್ನಿ. ವಾಸನೆ ಅಂತ ಮನೆಯವರು ಗೊಣಗುತ್ತಾರೆ, ಗೊಣಗಲಿ. ಮೊಲಕ್ಕೆ ಹಿತವಾಗಿರುವುದು 15ರಿಂದ 21 ಡಿಗ್ರಿ, 30ರ ಹತ್ತಿರ ಬಂತೆಂದರೆ ಅಪಾಯ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 38 ಮುಟ್ಟುವುದು ಹೊಸದೇನಲ್ಲ.

ಬಿಸಿಲು ಬೀಳದ ರೂಮಿನಲ್ಲಿ, ಕಡಪಾ ಕಲ್ಲಿನ ನೆಲವಿದ್ದರೆ ಅದರ ಮೇಲೇ ಬಿಡಿ. ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟಿ. ನಮ್ಮದು ಒಣ ಸೆಕೆ ಅಲ್ವಾ, ಚೀಲದ ನೀರು ಬೇಗ ಆರುತ್ತದೆ, ಆರುತ್ತಾ ಒಳಗೆ ಬರುವ ಗಾಳಿಯನ್ನು ತಂಪು ಮಾಡುತ್ತದೆ. ಫ್ಯಾನ್ ಹಾಕಬೇಕಾದದ್ದು ಈಗ, ನೇರ ಮುಖಕ್ಕೆ ಮಾತ್ರ ಬೇಡ. ಹಳೇ ಬಾಟಲಿಯಲ್ಲಿ ನೀರು ತುಂಬಿಸಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಅವೇ ಬಂದು ಒರಗಿ ಮಲಗುತ್ತವೆ. ನೀರಿಗೆ ಸಿಪ್ಪರ್‌ಗಿಂತ ಅಗಲ ಬಾಯಿಯ ಮಣ್ಣಿನ ಬಟ್ಟಲು ಒಳ್ಳೆಯದು, ಜಾಸ್ತಿ ಕುಡಿಯುತ್ತವೆ. ಉದುರುವ ಕೂದಲನ್ನೂ ಬಾಚಿ ತೆಗೆಯುತ್ತಿರಿ.

ಸುಸ್ತಾಗಿ ಜೊಲ್ಲು ಸುರಿಸುತ್ತಿದ್ದರೆ ಗಾಬರಿಯಲ್ಲಿ ಐಸ್ ನೀರಿಗೆ ಅದ್ದಬೇಡಿ, ಆ ಶಾಕ್‌ಗೇ ಸಾಯಬಹುದು. ಕಿವಿಗೆ ಸಾದಾ ನೀರು ಸವರುತ್ತಾ ಡಾಕ್ಟರ ಹತ್ತಿರ ಓಡಿ. ನಮ್ಮ ಕಡೆಯ ಪಶುವೈದ್ಯರಿಗೆ ದನ, ಕುರಿ ನೋಡಿ ಅಭ್ಯಾಸ, ಮೊಲ ಅಪರೂಪ. ಯಾರು ನೋಡುತ್ತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.