ಕಲಬುರಗಿಯಿಂದ ಐದು ಜನ ಗೆಳೆಯರು ಜನವರಿಯಲ್ಲಿ ಹಿಮಾಚಲಕ್ಕೆ ಚಾರಣ ಹೊರಟಿದ್ದೇವೆ. ಹಿಮಕುಸಿತದ ಅಪಾಯ ಇದೆಯಾ ಅಂತ ತಿಳಿಯುವುದು ಹೇಗೆ?

ಶಹಾಬಾದ್ ಕಲ್ಲು ನೋಡಿದ್ದೀರಿ ಅಲ್ವಾ? ಪದರದ ಮೇಲೆ ಪದರ. ಬೆಟ್ಟದ ಹಿಮವೂ ಹಾಗೇ ಕೂತಿರುತ್ತದೆ. ಒಂದೊಂದು ಹಿಮ ಬಿದ್ದಾಗಲೂ ಒಂದೊಂದು ಪದರ. ಹಿಮ ತೆಳುವಾಗಿದ್ದು, ಚಳಿ ಜಾಸ್ತಿ ಇದ್ದರೆ ಕೆಳಗಿನ ಪದರ ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಗಟ್ಟಿ ಹಿಮ ಕೂತರೆ, ಓರೆ ಹಲಗೆಯಲ್ಲಿ ಮರಳು ಹರಡಿ ಫರಸಿ ಕಲ್ಲು ಇಟ್ಟಂತೆ. ನಿಮ್ಮ ಒಂದು ಹೆಜ್ಜೆಯ ಭಾರಕ್ಕೇ ಇಡೀ ಹಾಸು ಜಾರಬಹುದು.

ಬಹುತೇಕ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಫೋನಿನಲ್ಲೇ ಇಳಿಜಾರು ಅಳೆಯಬಹುದು. ಆದರೆ ನೀವು ಸಮತಟ್ಟು ಜಾಗದಲ್ಲಿದ್ದರೂ ಮೇಲೆ ಕಡಿದಾದ ಬೆಟ್ಟ ಇದ್ದರೆ ಅಪಾಯವೇ. ಇದನ್ನು ತುಂಬಾ ಜನ ಮರೆಯುತ್ತಾರೆ.

ಭಾರಿ ಹಿಮ ಬಿದ್ದ ಮೇಲೆ ಕನಿಷ್ಠ ಎರಡು ದಿನ ಕಾಯಿರಿ. ಜೋರು ಗಾಳಿ, ದಿಢೀರ್ ಬಿಸಿಲು ಕೂಡ ಕೆಟ್ಟದ್ದು. ಕಾಲಡಿಯಲ್ಲಿ 'ಧುಪ್' ಅಂತ ಸದ್ದು ಬಂದರೆ, ಹಿಮದಲ್ಲಿ ಬಿರುಕು ಓಡಿದರೆ, ಪಕ್ಕದಲ್ಲಿ ಹೊಸ ಕುಸಿತ ಕಂಡರೆ ಆ ಇಳಿಜಾರು ಬಿಟ್ಟು ಹಿಂದಿರುಗಿ.

ಹೂತುಹೋದವರನ್ನು ಮೊದಲ 10-15 ನಿಮಿಷದಲ್ಲಿ ತೆಗೆದರೆ ಮಾತ್ರ ಬದುಕುವ ಸಾಧ್ಯತೆ ಹೆಚ್ಚು. 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು, ಆದರೂ ಉಳಿಯಲಿಲ್ಲ. ಆದ್ದರಿಂದ ಐವರಲ್ಲೂ ಬೀಕನ್ (ಹೂತವರು ಎಲ್ಲಿದ್ದಾರೆಂದು ಸಂಕೇತದಿಂದ ತಿಳಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಇರಲಿ. ಸುಮ್ನೆ ಚೀಲದಲ್ಲಿಟ್ಟರೆ ಸಾಲದು, ಬಳಸಿ ಅಭ್ಯಾಸ ಮಾಡಿ. ಅಪಾಯದ ಜಾಗವನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಕಣ್ಣಿಟ್ಟು ನೋಡುತ್ತಿರಲಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಪ್ರಯೋಗಾಲಯ ಕೊಡುವ ಹಿಮಕುಸಿತ ಮುನ್ಸೂಚನೆಯನ್ನು ಹೊರಡುವ ಮುಂಚೆ ನೋಡಿ.