ಗ್ಯಾರೇಜು ಪ್ರಶ್ನೋತ್ತರ: ಒಂದೇ ಬೂಟು ಮೂರು ಸಲ ಹರಿದದ್ದು

ಪ್ರಶ್ನೆ: ನನ್ನದು 2012ರ ಮಹೀಂದ್ರಾ ಥಾರ್ ಸಿಆರ್‌ಡಿಇ, ಫೋರ್ ವೀಲ್ ಡ್ರೈವ್. ತೋಟದ ಕೆಲಸಕ್ಕೆಂದೇ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ತಿಂಗಳಲ್ಲಿ ಎಡಗಡೆಯ ಸ್ಟೇರಿಂಗ್ ರ‍್ಯಾಕ್ ಬೂಟು (ಚಕ್ರಗಳನ್ನು ತಿರುಗಿಸುವ ರ‍್ಯಾಕಿನ ತುದಿಗೆ ಹಾಕುವ, ಮಡಿಕೆ ಮಡಿಕೆಯ ರಬ್ಬರ್ ಕವಚ) ಮೂರು ಸಲ ಹರಿದಿದೆ. ಬಲಗಡೆ ಗಾಡಿಯ ಜೊತೆ ಬಂದದ್ದೇ ಇನ್ನೂ ಇದೆ. ಒಬ್ಬ ಮೆಕ್ಯಾನಿಕ್ 'ಡೂಪ್ಲಿಕೇಟ್ ಮಾಲು' ಅಂತಾರೆ, ಇನ್ನೊಬ್ಬರು 'ಪೂರ್ತಿ ರ‍್ಯಾಕ್ ಅಸೆಂಬ್ಲಿನೇ ಬದಲಿಸಿ' ಅಂತಾರೆ. ಹಳ್ಳ ದಾಟಿಸುವುದರಿಂದ ಹೀಗಾಗುತ್ತಿದೆಯೇ? ಬೂಟನ್ನು ಮನೆಯಲ್ಲಿ ನಾನೇ ಹಾಕಿಕೊಳ್ಳಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ಕಳಿಸಿದ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಬೂಟಿನ ಮಡಿಕೆಗಳು ಬಳೆ ಜೋಡಿಸಿಟ್ಟ ಹಾಗೆ ನೆಟ್ಟಗಿರಬೇಕಿತ್ತು. ನಿಮ್ಮದರಲ್ಲಿ ಒಗೆದು ಹಿಂಡಿದ ಪಂಚೆಯ ಹಾಗೆ ಓರೆಯಾಗಿವೆ, ಹರಿದ ಗೆರೆಯೂ ಆ ಓರೆಯಲ್ಲೇ ಓಡಿದೆ. ಕಲ್ಲೋ ಕಾಫಿ ಕಡ್ಡಿಯೋ ಚುಚ್ಚಿದ್ದರೆ ಒಂದೇ ಕಡೆ ತೂತು ಬೀಳುತ್ತಿತ್ತು. ರಬ್ಬರಿಗೆ ವಯಸ್ಸಾಗಿದ್ದರೆ ಮಡಿಕೆಯ ತಳದಲ್ಲಿ ಸುತ್ತಲೂ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ಇದು ಹಿಂಡಿ ಹರಿದದ್ದು. ಹಿಂಡಿದವರು ವೀಲ್ ಅಲೈನ್‌ಮೆಂಟ್ ಮಾಡಿದವರು. ಹಳ್ಳವನ್ನು ಬೈಯಬೇಡಿ.

ಆಗುವುದು ಇಷ್ಟೇ. ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ವಾಲಿ ನಿಂತಿವೆ ಅನ್ನುವುದನ್ನು ಸರಿಮಾಡಲು ಹುಡುಗ ಲಾಕ್ ನಟ್ ಸಡಿಲಿಸಿ, ರ‍್ಯಾಕನ್ನು ಚಕ್ರಕ್ಕೆ ಸೇರಿಸುವ ಟೈ ರಾಡನ್ನು ಪಾನಾ ಹಾಕಿ ತಿರುಗಿಸುತ್ತಾನೆ. ಬೂಟಿನ ಸಣ್ಣ ಬಾಯಿ ಆ ರಾಡಿಗೇ ಕ್ಲಿಪ್ಪಿನಿಂದ ಬಿಗಿದಿರುತ್ತದೆ, ದೊಡ್ಡ ಬಾಯಿ ರ‍್ಯಾಕ್ ಕೊಳವೆಗೆ. ಕ್ಲಿಪ್ ಸಡಿಲಿಸದೆ ರಾಡ್ ತಿರುಗಿಸಿದರೆ ಬೂಟೂ ಜೊತೆಗೇ ತಿರುಚಿಕೊಳ್ಳುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ಆಮೇಲೆ ಪ್ರತಿ ತಿರುವಿನಲ್ಲೂ ಹಿಗ್ಗಿ ಕುಗ್ಗುವಾಗ ಆ ತಿರುಚು ಒಂದೇ ಜಾಗವನ್ನು ಎಳೆಯುತ್ತದೆ, ಮೂರ್ನಾಲ್ಕು ತಿಂಗಳಲ್ಲಿ ಬಾಯಿ ಬಿಡುತ್ತದೆ. ಎಡಗಡೆಯದೇ ಯಾಕೆ ಅಂತೀರಾ? ನೇರ ರಸ್ತೆಯಲ್ಲಿ ಹೋಗುವಾಗ ನಿಮ್ಮ ಸ್ಟೇರಿಂಗ್ ವೀಲ್ ಸ್ವಲ್ಪ ಓರೆಯಾಗಿ ನಿಲ್ಲುತ್ತದೆಯೇ ನೋಡಿ. ನಿಲ್ಲುತ್ತಿದ್ದರೆ ಎರಡೂ ಕಡೆ ಹಂಚಿ ಮಾಡಬೇಕಾದ ಸೆಟ್ಟಿಂಗನ್ನು ಪ್ರತಿ ಸಲವೂ ಒಂದೇ ಕಡೆ ಮಾಡಿ ಕಳಿಸಿದ್ದಾರೆ ಎಂದರ್ಥ. ಬಲಗಡೆಯ ಬೂಟು ಬದುಕಿ ಉಳಿದಿರುವುದು ಅದನ್ನು ಯಾರೂ ಮುಟ್ಟದ ಕಾರಣಕ್ಕೆ!

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ಹಳೇ ಸ್ಕಾರ್ಪಿಯೋಗೆ ಒಂದು ಭಾನುವಾರ ನಾನೇ ಕೂತು ಬೂಟು ಹಾಕಿ, ಸೋಮವಾರ ಅಲೈನ್‌ಮೆಂಟಿಗೆ ಕೊಟ್ಟೆ. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿ ಚಹಾ ಕೊಟ್ಟರು, ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಆ ಮಳೆಗಾಲ ಪೂರ್ತಿ ಹರಿದ ಬೂಟಿನಲ್ಲೇ ಓಡಿಸಿದ್ದೇನೆ, ನೋಡಿಕೊಂಡಿರಲಿಲ್ಲ. ದೀಪಾವಳಿ ಹೊತ್ತಿಗೆ ಹೊಂಡಕ್ಕಿಳಿದಾಗಲೆಲ್ಲ ಸ್ಟೇರಿಂಗಿನಲ್ಲಿ ಟಕ್ ಟಕ್, ಆಮೇಲೆ ಪವರ್ ಸ್ಟೇರಿಂಗ್ ಎಣ್ಣೆ ಶೆಡ್ಡಿನ ನೆಲಕ್ಕೆ. ನೂರರ ಲೆಕ್ಕದಲ್ಲಿ ಮುಗಿಯಬೇಕಾದ್ದು ಸಾವಿರಗಳ ಲೆಕ್ಕಕ್ಕೆ ಹೋಯಿತು. ತಪ್ಪು ಅವರದೆಷ್ಟೋ, ಕುರ್ಚಿಯಲ್ಲಿ ಕೂತವನದೂ ಅಷ್ಟೇ.

ಬೂಟಿನೊಳಗೆ ಇರುವುದು ಎರಡು. ಒಂದು, ಟೈ ರಾಡಿನ ಒಳತುದಿಯ ಬಾಲ್ ಜಾಯಿಂಟ್, ಗ್ಯಾರೇಜಿನಲ್ಲಿ ರ‍್ಯಾಕ್ ಎಂಡ್ ಅನ್ನುವುದು. ಇನ್ನೊಂದು, ಕನ್ನಡಿಯಂತೆ ಹೊಳೆಯುವ ರ‍್ಯಾಕ್ ಸರಳು. ಸರಳಿಗೆ ಕೆಸರು ನೀರು ತಾಗಿ ಮೊಳೆ ಗಾತ್ರದ ತುಕ್ಕು ಹಿಡಿದರೂ ಸಾಕು, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ತುಕ್ಕು ಎಣ್ಣೆ ಸೀಲಿನ ಮೇಲೆ ಗರಗಸದ ಹಾಗೆ ಆಡುತ್ತದೆ. ಹಾಗಾಗಿ 'ರ‍್ಯಾಕೇ ಬದಲಿಸಿ' ಅಂದವರು ಸುಳ್ಳು ಹೇಳಿದ್ದಾರೆ ಅಂತ ಈಗಲೇ ತೀರ್ಮಾನಿಸಬೇಡಿ. ಮೊದಲು ನೋಡಿ.

ನೋಡುವ ಕ್ರಮ ಹೀಗೆ. ಬೂಟಿನ ಹೊಟ್ಟೆ ಕೈಯಲ್ಲಿ ಅಮುಕಿ. ಒಳಗೆ ಎಣ್ಣೆ ತುಳುಕಿದರೆ ಸೀಲು ಹೋಗಿದೆ. ಹೊಸ ಬೂಟು ಹಾಕಿದರೆ ಆ ಎಣ್ಣೆಗೆ ಚೀಲ ಕಟ್ಟಿದ ಹಾಗಾಯಿತು, ಅಷ್ಟೇ. ಎಣ್ಣೆ ಇಲ್ಲದಿದ್ದರೆ ಮುಂದಿನ ಚಕ್ರ ಜಾಕಿ ಕೊಟ್ಟು ಎತ್ತಿ, ಗಡಿಯಾರದ ಮೂರು-ಒಂಬತ್ತರ ಜಾಗ ಹಿಡಿದು ಒಬ್ಬರು ಅಲುಗಿಸಲಿ, ಇನ್ನೊಬ್ಬರು ಬೂಟಿನ ಮೇಲಿಂದಲೇ ಒಳಗಿನ ಜಾಯಿಂಟನ್ನು ಬಿಗಿಯಾಗಿ ಹಿಡಿಯಲಿ. ಅಂಗೈಗೆ 'ಕಟ್' ಅಂತ ತಾಗಿದರೆ ರ‍್ಯಾಕ್ ಎಂಡ್ ಸವೆದಿದೆ. ಹನ್ನೆರಡು-ಆರರಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಅದು ಬೇರಿಂಗ್ ಅಥವಾ ಸಸ್ಪೆನ್ಷನ್ ಬಾಲ್ ಜಾಯಿಂಟಿನ ಕಥೆ, ಸ್ಟೇರಿಂಗಿನದಲ್ಲ.

ಎರಡೂ ಚೆನ್ನಾಗಿದ್ದರೆ ಮನೆಯಲ್ಲೇ ಹಾಕಿಕೊಳ್ಳಿ. ಪಾನಾ ಹಿಡಿದು ಅಭ್ಯಾಸವಿದ್ದವರಿಗೆ ಅರ್ಧ ದಿನದ ಕೆಲಸ. ಸಮತಟ್ಟು ನೆಲ, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು, ಛಾಸಿಗೆ ಗಟ್ಟಿ ಸ್ಟ್ಯಾಂಡ್. ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಮಾರಾಯ್ರೆ. ಸ್ಟೇರಿಂಗ್ ನೇರಕ್ಕಿರಲಿ. ಲಾಕ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಅದು ಇದ್ದ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿ. ಟೈ ರಾಡ್ ಎಂಡಿನ (ರಾಡಿನ ಹೊರತುದಿಯ, ಚಕ್ರದ ಕಡೆಯ ಜಾಯಿಂಟಿನ) ಸ್ಪ್ಲಿಟ್ ಪಿನ್ ತೆಗೆದು, ಆ ಪಿನ್ ಹಿಡಿದಿಟ್ಟಿದ್ದ ಕ್ಯಾಸಲ್ ನಟ್ಟನ್ನು ತುದಿಯವರೆಗೆ ಬಿಚ್ಚಿ, ಪೂರ್ತಿ ತೆಗೆಯಬೇಡಿ. ಈಗ ಸುತ್ತಿಗೆ. ಎಲ್ಲರೂ ಬೋಲ್ಟಿನ ತಲೆಗೆ ಹೊಡೆದು ಥ್ರೆಡ್ ಹಾಳುಮಾಡುತ್ತಾರೆ. ಹೊಡೆಯಬೇಕಾದ್ದು ಬೋಲ್ಟ್ ಕೂತಿರುವ, ಚಕ್ರ ತಿರುಗಿಸುವ ಆರ್ಮಿನ ಕಣ್ಣಿನ ಪಕ್ಕಕ್ಕೆ. ಆಚೆ ಬದಿಗೆ ಇನ್ನೊಂದು ಭಾರದ ಸುತ್ತಿಗೆ ಒತ್ತಿ ಹಿಡಿದು ನಾಲ್ಕು ಪೆಟ್ಟು ಕೊಡಿ, ಬೆಣೆಯ ಹಾಗೆ ಬಿಗಿದು ಕೂತ ಬೋಲ್ಟಿನ ಟೇಪರ್ ತಾನಾಗಿ ಬಿಡುತ್ತದೆ.

ಟೈ ರಾಡ್ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತು ಅಂತ ಬಾಯಿಬಿಟ್ಟು ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನಡುವೆ ಫೋನ್ ಬರುತ್ತದೆ, ಮರೆತುಹೋಗುತ್ತದೆ. ಥ್ರೆಡ್ಡಿನ ಅಂತರ ಸಾಮಾನ್ಯವಾಗಿ ಒಂದೂವರೆ ಮಿ.ಮೀ. ಒಂದು ಸುತ್ತು ತಪ್ಪಿದರೆ ರಾಡು ಅಷ್ಟೇ ಜರುಗುವುದು ನಿಜ, ಆದರೆ ಅದು ತಿರುಗಿಸುವ ಆರ್ಮು ಗೇಣುದ್ದ, ನಿಮ್ಮ 235/70 ಆರ್ 16 ಟೈರು 73 ಸೆಂ.ಮೀ. ಎತ್ತರ. ಟೈರಿನ ಮುಂದು-ಹಿಂದಿನ ಅಳತೆಯಲ್ಲಿ ಐದಾರು ಮಿ.ಮೀ. ಹೆಚ್ಚುಕಡಿಮೆಯಾಗುತ್ತದೆ. ಅಷ್ಟು ಸಾಕು ಹೊಸ ಟೈರು ಒಂದು ಅಂಚಿಗೇ ಸವೆಯಲು.

ಹಳೇ ಬೂಟು ತೆಗೆದ ಮೇಲೆ ಹಳೇ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯಿರಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ, ಪೂರ್ತಿ ತೆಗೆಯಿರಿ. ಸರಳಿನ ಮೇಲೆ ಉಗುರು ಎಳೆಯಿರಿ. ಎಲ್ಲೂ ತಡೆಯದಿದ್ದರೆ ನೀವು ಪುಣ್ಯವಂತರು, ತಡೆದರೆ ಆ ಎರಡನೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಜಾಯಿಂಟಿಗೆ ಹೊಸ ಗ್ರೀಸ್ ತುಂಬಿ. ಬೂಟನ್ನು ಡೀಸೆಲ್ಲಿನಲ್ಲಿ ತೊಳೆಯುವ ಅಭ್ಯಾಸ ಕೆಲವರಿಗಿದೆ, ರಬ್ಬರು ಉಬ್ಬಿಹೋಗುತ್ತದೆ, ಬೇಡ.

ಹೊಸ ಬೂಟಿನ ಸಣ್ಣ ಬಾಯಿಯ ಒಳಅಂಚಿಗೆ ಬೆರಳಲ್ಲಿ ಚೂರು ಸಿಲಿಕೋನ್ ಗ್ರೀಸ್ ಸವರಿ. ನಾಳೆ ಯಾರಾದರೂ ರಾಡ್ ತಿರುಗಿಸಿದರೆ ಅದು ಬೂಟಿನೊಳಗೆ ಜಾರಿಕೊಂಡು ತಿರುಗಲಿ ಅಂತ. ನಿಮ್ಮ ಕಾಯಿಲೆಗೆ ಅರ್ಧ ಮದ್ದು ಇದೇ. ಬಾಯಿ ರಾಡಿನ ಮೇಲಿನ ತೋಡಿನಲ್ಲೇ ಕೂರಬೇಕು. ಎರಡು ಬೂಟುಗಳ ನಡುವೆ ಗಾಳಿಯಾಡುವ ತೆಳು ಕೊಳವೆ ಇದ್ದರೆ ಅದನ್ನು ಮರೆಯದೆ ಸಿಕ್ಕಿಸಿ. ಒಂದು ಬೂಟು ಕುಗ್ಗಿದಾಗ ಗಾಳಿ ಇನ್ನೊಂದಕ್ಕೆ ಹೋಗಬೇಕು, ದಾರಿಯಿಲ್ಲದಿದ್ದರೆ ಒಂದು ಊದಿಕೊಂಡು ಇನ್ನೊಂದು ಒಳಕ್ಕೆ ಹೀರಿಕೊಳ್ಳುತ್ತದೆ. ದೊಡ್ಡ ಬಾಯಿಗೆ ಸ್ಟೀಲ್ ಕ್ಲಾಂಪೇ ಹಾಕಿ, ಪ್ಲಾಸ್ಟಿಕ್ ಟೈ ನಂಬಬೇಡಿ. ಟೈ ರಾಡ್ ಎಂಡನ್ನು ಗೋಡೆ ಮೇಲೆ ಬರೆದಷ್ಟೇ ಸುತ್ತು ಹಾಕಿ. ಸ್ಪ್ಲಿಟ್ ಪಿನ್ ಹೊಸದು. ಪಿನ್ನಿನ ತೂತು ಹೊಂದದಿದ್ದರೆ ಕ್ಯಾಸಲ್ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕು, ಸಡಿಲಿಸಿ ಹೊಂದಿಸುವುದು ಸಲ್ಲ.

ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಎಣಿಕೆ ಎಷ್ಟೇ ಸರಿಯಿದ್ದರೂ. ಅಲ್ಲಿ ಕುರ್ಚಿ ಕೊಟ್ಟರೆ ಕೂರಬೇಡಿ. ಗುಂಡಿಯ ಪಕ್ಕ ನಿಂತು 'ಮೊದಲು ಎರಡೂ ಕಡೆ ಸಣ್ಣ ಕ್ಲಿಪ್ ಬಿಚ್ಚಪ್ಪ' ಅನ್ನಿ. ಮುಗಿದ ಮೇಲೆ ಟಾರ್ಚ್ ಹಾಕಿ ಮಡಿಕೆಗಳು ಬಳೆಯ ಹಾಗಿವೆಯಾ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಗೆ ರ‍್ಯಾಕ್ ಬೂಟೇ ಇಲ್ಲ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಯಾರೋ ಬಿಚ್ಚಿ ತೆಗೆದಿದ್ದಾರೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಮೆಕ್ಯಾನಿಕ್ ಹೇಳಿದ್ದು ಸರಿ. ಜಿಪ್ಸಿಯಲ್ಲಿ ರ‍್ಯಾಕೇ ಇಲ್ಲ, ಸ್ಟೇರಿಂಗ್ ಬಾಕ್ಸ್ ಇರುವುದು. ಮುಂದಿನ ಆಕ್ಸಲ್ ಇಡಿಯಾದದ್ದು, ಕೆಳಗೆ ಪಟ್ಟೆ ಸ್ಪ್ರಿಂಗು. ನೀವು ನೋಡಬೇಕಾದ್ದು ಚಕ್ರದ ಒಳಬದಿಯ ಗುಂಡಗಿನ ನಕಲ್ ಸೀಲು (ನಕಲ್ ಅಂದರೆ ಚಕ್ರ ಎಡ-ಬಲಕ್ಕೆ ತಿರುಗುವ ಕೀಲು). ಅಲ್ಲಿಂದ ಎಣ್ಣೆ ಬೆರೆತ ಗ್ರೀಸು ಇಳಿದು ಟೈರಿನ ಒಳಮೈ ಕಪ್ಪಾಗಿದ್ದರೆ ನಕಲ್ ಸೀಲಿನ ಜೊತೆ ಆಕ್ಸಲ್ಲಿನ ಒಳಗಿನ ಆಯಿಲ್ ಸೀಲನ್ನೂ ಬದಲಿಸಿ.

ಪ್ರಶ್ನೆ: ಹರಿದ ಬೂಟಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿ ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ತೊಂದರೆ ಇದೆಯೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕಾಡಿನಿಂದ ಪೇಟೆ ಮುಟ್ಟಲು ನಾನೂ ಕಟ್ಟಿದ್ದೇನೆ. ಆದರೆ ಟ್ಯೂಬ್ ನೀರನ್ನು ಒಳಗೆ ಬಿಡದಿರುವುದಕ್ಕಿಂತ, ಒಳಗೆ ಹೋದದ್ದನ್ನು ಹೊರಗೆ ಬಿಡದಿರುವುದೇ ಹೆಚ್ಚು. ಈ ವಾರವೇ ಬಿಚ್ಚಿ, ಸರಳಿನ ಮೇಲೆ ಉಗುರು ಎಳೆದು ನೋಡಿ, ನನಗೊಂದು ಕಾರ್ಡು ಬರೆಯಿರಿ.